ಬಾಡಿಗೆ ಸ್ಪೋರ್ಟ್ಸ್ ಕೂಪೆ ತಗೊಂಡು ಘಾಟಿ ಹತ್ತೋದಾದ್ರೆ ಯಾವ್ದು? ನಾಲ್ಕು ಓಡಿಸಿ ನೋಡಿದ್ಮೇಲೆ

ನಂಗೆ ಸ್ವಂತದ್ದು ಅಂತ ಸ್ಪೋರ್ಟ್ಸ್ ಕಾರ್ ಇಲ್ಲ, ಆದ್ರೆ ರಜಾ ಸಿಕ್ಕಾಗೆಲ್ಲ ಒಂದೆರಡು ದಿನಕ್ಕೆ ಒಂದು ಕೂಪೆ, ಅಂದ್ರೆ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು, ಬಾಡಿಗೆಗೆ ತಗೊಂಡು ಬೆಟ್ಟದ ರೋಡು ಹುಡುಕ್ಕೊಂಡು ಹೋಗೋದು ಎಷ್ಟೋ ವರ್ಷದಿಂದ ಹತ್ತಿರೋ ಹುಚ್ಚು. ಇಲ್ಲಿವರೆಗೂ ನಾಲ್ಕು ಕಾರುಗಳನ್ನ ಮನಸಾರೆ ಹತ್ತಿಸಿ ಇಳಿಸಿ ಓಡಿಸಿದೀನಿ, ಫೋರ್ಡ್ ಮಸ್ಟಾಂಗ್ ಇಕೋಬೂಸ್ಟ್, ಟೊಯೋಟಾ ಜಿಆರ್86, ಪೋರ್ಷೆ 718 ಕೇಮನ್ ಮತ್ತೆ ಆಲ್ಪೀನ್ ಎ110. ಇವುಗಳಲ್ಲಿ ಯಾವ್ದು ಫಾಸ್ಟು ಅನ್ನೋದು ಇಲ್ಲಿ ಪ್ರಶ್ನೆನೇ ಅಲ್ಲ, ಅದನ್ನ ಹೇಳೋಕೆ ಬೇಕಾದಷ್ಟು ಜನ ಇದಾರೆ. ಬೇರೆಯವರ ಕಾರನ್ನ, ಗೊತ್ತಿಲ್ದೇ ಇರೋ ರೋಡಲ್ಲಿ, ಒಂದು ಗೀರೂ ಬೀಳದಂಗೆ ವಾಪಸ್ ಕೊಡ್ಬೇಕು ಅನ್ನೋ ಭಯ ಇಟ್ಕೊಂಡು ಓಡಿಸುವಾಗ ಯಾವ್ದು ಜಾಸ್ತಿ ಖುಷಿ ಕೊಡುತ್ತೆ ಅನ್ನೋದಷ್ಟೇ ನನ್ನ ಲೆಕ್ಕ.

ಮೊದಲು ಒಂದು ಮಾತು ಹೇಳ್ಬಿಡ್ತೀನಿ, ಘಾಟಿಯಲ್ಲಿ ಹಾರ್ಸ್‌ಪವರ್ ಕೆಲಸಕ್ಕೆ ಬರೋದು ತುಂಬಾ ಕಮ್ಮಿ. ಹೆಚ್ಚಿನ ಹೊತ್ತು ನೀವು ಇರೋದು ಎರಡನೇ ಗೇರು ಮೂರನೇ ಗೇರಲ್ಲಿ, ವೇಗ 30ರಿಂದ 80 ಒಳಗೆ, ಒಂದು ತಿರುವು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು ಎದುರಿಗೆ ನಿಂತಿರುತ್ತೆ. ಅಲ್ಲಿ ಬೇಕಾಗಿರೋದು ಮುಂದಿನ ಚಕ್ರ ಎಲ್ಲಿದೆ ಅಂತ ಕೈಗೆ ಗೊತ್ತಾಗೋದು, ಬ್ರೇಕ್ ಪೆಡಲ್ ಪ್ರತಿ ಸಲ ಒಂದೇ ಥರ ಸಿಗೋದು, ಆಮೇಲೆ ತಿರುವಿನ ಒಳಗಡೆ ಏನಿದೆ ಅಂತ ಕಣ್ಣಿಗೆ ಕಾಣೋದು. ಈ ಮೂರು ಇದ್ರೆ 200 ಹಾರ್ಸ್‌ಪವರ್ ಧಾರಾಳ ಸಾಕು, ಈ ಮೂರು ಇಲ್ಲ ಅಂದ್ರೆ 500 ಇದ್ರೂ ಅದು ಬರೀ ನೇರ ರೋಡಿಗೆ.

ನಾನು ಮೊದ್ಲು ತಗೊಂಡಿದ್ದು ಮಸ್ಟಾಂಗ್. ಬಾಡಿಗೆ ಲಿಸ್ಟಲ್ಲಿ ಸ್ಪೋರ್ಟ್ಸ್ ಕಾರ್ ಅಂದ್ರೆ ತುಂಬಾ ಕಡೆ ಮೊದ್ಲು ಕಣ್ಣಿಗೆ ಬೀಳೋದೇ ಇದು, 2.3 ಲೀಟರ್ ಟರ್ಬೊ, ನಾಲ್ಕೇ ಸಿಲಿಂಡರ್, 310 ಹಾರ್ಸ್‌ಪವರ್, ಹತ್ತು ಗೇರಿನ ಆಟೋಮ್ಯಾಟಿಕ್. ಕೂತ ತಕ್ಷಣ ಆ ಉದ್ದನೆ ಬಾನೆಟ್ ನೋಡಿದ್ರೇ ಒಂಥರಾ ಗತ್ತು ಬರುತ್ತೆ, ನಿಜವಾಗ್ಲೂ ಇಷ್ಟ ಆಯ್ತು. ಆದ್ರೆ ಅದೇ ಬಾನೆಟ್ ಹೇರ್‌ಪಿನ್ ಹತ್ರ ಬಂದಾಗ ಅಡ್ಡ ಬರುತ್ತೆ, ಏರಿನಲ್ಲಿ ಬಲಕ್ಕೆ ಎಡಕ್ಕೆ ತಿರುಗಿಸುವಾಗ ಮೂತಿ ಮೇಲೆದ್ದಿರುತ್ತಲ್ಲ, ಆಗ ರೋಡಿನ ಒಳ ಅಂಚು ಮಾಯ, ಅಂದಾಜಲ್ಲೇ ಹೋಗ್ಬೇಕು. ಅಗಲ ಸುಮಾರು 1.91 ಮೀಟರ್, ಜಿಆರ್86ದು 1.775, ಅಂದ್ರೆ ಮುಕ್ಕಾಲು ಗೇಣಿಗೂ ಕಮ್ಮಿ ವ್ಯತ್ಯಾಸ, ಕಾಗದದ ಮೇಲೆ ಏನೂ ಅಲ್ಲ, ಆದ್ರೆ ಎದುರಿಂದ ಬಸ್ ಬಂದು ಪಕ್ಕದಲ್ಲಿ ಕಲ್ಲಿನ ತಡೆಗೋಡೆ ಇದ್ದಾಗ ಆ ಮುಕ್ಕಾಲು ಗೇಣೇ ಜೀವ ಬಾಯಿಗೆ ತರುತ್ತೆ.

ತೂಕ 1600 ಕೆ.ಜಿ. ದಾಟುತ್ತೆ, ಎರಡು ಆಕ್ಸಲ್ ನಡುವಿನ ದೂರ 2720 ಮಿ.ಮೀ. ಅದಕ್ಕೇ ದೊಡ್ಡ ದೊಡ್ಡ ಉದ್ದ ತಿರುವುಗಳಲ್ಲಿ, ಅಂದ್ರೆ 70-80ರಲ್ಲಿ ಒಂದೇ ಸ್ಟೇರಿಂಗ್ ಇಟ್ಕೊಂಡು ಹೋಗೋ ಕಡೆ, ಇದು ಅದ್ಭುತ, ಆನೆ ನಡೆದದ್ದೇ ದಾರಿ ಅಂತಾರಲ್ಲ ಹಂಗೆ ಗಂಭೀರವಾಗಿ ಹೋಗುತ್ತೆ, ರೋಡಿನ ಉಬ್ಬು ತಗ್ಗು ಒಳಗೆ ಬರೋದೇ ಇಲ್ಲ. 2015ರ ಮಾಡೆಲ್ಲಿಂದ ಹಿಂದಿನ ಚಕ್ರಗಳಿಗೂ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದ್ರೆ ಒಂದೊಂದು ಚಕ್ರನೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡೋ ವ್ಯವಸ್ಥೆ, ಬಂದಿರೋದ್ರಿಂದ ತಿರುವಿನ ಮಧ್ಯೆ ಹಳ್ಳ ಸಿಕ್ಕಿದ್ರೂ ಹಿಂಭಾಗ ಎಗರಲ್ಲ. ಆದ್ರೆ ಎಡ ಬಲ ಎಡ ಅಂತ ಪಟಪಟ ಬರೋ ಜಾಗದಲ್ಲಿ ಮೊದಲನೇ ತಿರುವಿನ ಭಾರ ಇನ್ನೂ ಇಳಿದಿರಲ್ಲ ಎರಡನೇದು ಬಂದಿರುತ್ತೆ, ಕಾರಿಗೆ ಉಸಿರು ತಗೊಳೋಕೆ ಟೈಮ್ ಕೊಡ್ಬೇಕು. ಇನ್ನೊಂದು ವಿಷ್ಯ, ಯಾವ ಆಟೋಮ್ಯಾಟಿಕ್ ಆದ್ರೂ ಮಾಮೂಲಿ ಡ್ರೈವ್ ಮೋಡ್‌ನಲ್ಲಿ ಪೆಟ್ರೋಲ್ ಉಳಿಸೋಕೆ ಅಂತ ಬೇಗ ಮೇಲಿನ ಗೇರಿಗೆ ಹೋಗೋಕೆ ನೋಡುತ್ತೆ, ಘಾಟಿಯಲ್ಲಿ ಅದು ಬೇಡ, ಸ್ಟೇರಿಂಗ್ ಹಿಂದಿನ ಪ್ಯಾಡಲ್ ಇದ್ರೆ ನೀವೇ ಗೇರ್ ಹಿಡ್ಕೊಳ್ಳಿ, ಕಾರಿನ ಸ್ವಭಾವನೇ ಬದಲಾಗುತ್ತೆ.

ಅಂದಹಾಗೆ ಬಾಡಿಗೆ ಸ್ಪೋರ್ಟ್ಸ್ ಕಾರಿಗೂ ಮಸ್ಟಾಂಗಿಗೂ ಹಳೇ ನಂಟಿದೆ. 1966ರಲ್ಲೇ ಹರ್ಟ್ಜ್ ಅನ್ನೋ ಬಾಡಿಗೆ ಕಾರ್ ಕಂಪನಿ ಮಸ್ಟಾಂಗನ್ನೇ ಮಾರ್ಪಡಿಸಿ ಮಾಡಿದ ಶೆಲ್ಬಿ ಜಿಟಿ350ಎಚ್ ಅಂತ ಸುಮಾರು ಸಾವಿರ ಕಾರುಗಳನ್ನ ಬಾಡಿಗೆಗೆ ಬಿಟ್ಟಿತ್ತು, ಹೆಚ್ಚಿನವು ಕಪ್ಪು ಬಣ್ಣ, ಮೇಲೆ ಚಿನ್ನದ ಪಟ್ಟೆ. ಅರವತ್ತು ವರ್ಷದ ಹಿಂದೆನೂ ನಮ್ಮಂಥೋರು ಇದ್ರು ಅನ್ನೋದು ನೆನೆಸ್ಕೊಂಡ್ರೆ ಖುಷಿ ಆಗುತ್ತೆ.

ಈಗ ಜಿಆರ್86. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಇದನ್ನ ಎರಡು ಸಲ ಎರಡು ಬೇರೆ ಜಾಗದಲ್ಲಿ ತಗೊಂಡಿದ್ದೆ, ಎರಡೂ ಸಲ ಬೇರೆ ಬೇರೆ ಟಯರ್ ಇತ್ತು, ಅದರಿಂದ ನಾನು ಕಲಿತಷ್ಟು ಬೇರೆ ಯಾವ ಕಾರಿಂದಲೂ ಕಲಿತಿಲ್ಲ. ಮೊದಲನೇ ಸಲ 17 ಇಂಚಿನ ಚಕ್ರ, ಮಿಶೆಲಿನ್ ಪ್ರೈಮಸಿ ಟಯರು, ಅಂದ್ರೆ ಸಾಧಾರಣ ಸೆಡಾನಿಗೆ ಹಾಕೋ ಥರದ್ದು. ಎರಡನೇ ಸಲ 18 ಇಂಚು, ಪೈಲಟ್ ಸ್ಪೋರ್ಟ್ 4. ಗ್ರಿಪ್ಪಲ್ಲಿ ಎರಡನೇದು ಎಷ್ಟೋ ಮೇಲು, ಒದ್ದೆ ರೋಡಲ್ಲಂತೂ ಅದೇ ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಒಣ ರೋಡಲ್ಲಿ ನಂಗೆ ಜಾಸ್ತಿ ಇಷ್ಟ ಆಗಿದ್ದು ಆ ಸಾಧಾರಣ ಟಯರಿನ ಕಾರು! ಕಮ್ಮಿ ವೇಗದಲ್ಲೇ ಟಯರು ಸಣ್ಣಗೆ ಕೂಗೋಕೆ ಶುರು ಮಾಡುತ್ತೆ, ಸ್ಟೇರಿಂಗ್ ಒಂಚೂರು ಹಗುರ ಆಗುತ್ತೆ, ಮುಂದಿನ ಚಕ್ರ ಸಾಕಪ್ಪಾ ಅಂತ ಹೇಳೋದು ಕೈಗೆ ನೇರ ಗೊತ್ತಾಗುತ್ತೆ, ಆಕ್ಸಿಲರೇಟರ್ ಸ್ವಲ್ಪ ಬಿಟ್ರೆ ಮೂತಿ ತಾನಾಗೇ ಒಳಗೆ ಬರುತ್ತೆ, ಇದೆಲ್ಲ ಆಗೋದು 50-60 ಕಿ.ಮೀ. ವೇಗದಲ್ಲಿ, ರೋಡಿನ ವೇಗಮಿತಿ ಒಳಗೇನೇ. ಒಳ್ಳೆ ಟಯರಿನ ಕಾರಲ್ಲಿ ಅದೇ ಅನುಭವ ಬೇಕಂದ್ರೆ ಇನ್ನೂ 15-20 ಕಿ.ಮೀ. ಜಾಸ್ತಿ ಹೋಗ್ಬೇಕು, ಅದು ಗೊತ್ತಿಲ್ಲದ ಘಾಟಿಯಲ್ಲಿ ಮಾಡೋ ಕೆಲಸ ಅಲ್ಲ.

ಎಂಜಿನ್ 2.4 ಲೀಟರ್, ನಾಲ್ಕು ಸಿಲಿಂಡರ್ ಮಲಗಿಸಿಟ್ಟಂಗೆ ಇರೋ ಬಾಕ್ಸರ್, ಟರ್ಬೊ ಇಲ್ಲ, 228 ಹಾರ್ಸ್‌ಪವರ್ 7000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತೋ ಸುತ್ತು). ಇದರ ಹಿಂದಿನ ಮಾಡೆಲ್ ಟೊಯೋಟಾ 86ರ 2.0 ಲೀಟರ್ ಎಂಜಿನ್ನಿನಲ್ಲಿ 4000 ಆರ್‌ಪಿಎಂ ಆಸುಪಾಸಲ್ಲಿ ಒಂದು ಗುಂಡಿ ಇತ್ತು, ಅಲ್ಲಿ ಎಳೆಯೋ ಶಕ್ತಿನೇ ಕುಗ್ತಿತ್ತು, ಘಾಟಿಯಲ್ಲಿ ಹೇರ್‌ಪಿನ್ ದಾಟಿ ಮೇಲೆ ಏರೋವಾಗ ಸರಿಯಾಗಿ ಅಲ್ಲೇ ಸಿಕ್ಕಾಕೊಳ್ತಿತ್ತು, ಹೊಸದ್ರಲ್ಲಿ 3700ಕ್ಕೇ ಪೂರ್ತಿ 250 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ಎಳೆಯೋ ಬಲ, ಸಿಗುತ್ತೆ, ಆ ಕೊರತೆ ಪೂರ್ತಿ ಹೋಗಿದೆ. ಗೇರ್ ಲಿವರ್ ಚಿಕ್ಕದು, ಖಟ್ ಅಂತ ಬೀಳುತ್ತೆ, ಪೆಡಲ್‌ಗಳು ಸರಿಯಾದ ಜಾಗದಲ್ಲಿವೆ, ಬ್ರೇಕ್ ಒತ್ಕೊಂಡೇ ಪಾದದ ಅಂಚಲ್ಲಿ ಆಕ್ಸಿಲರೇಟರ್ ತಟ್ಟಿ ಗೇರ್ ಇಳಿಸೋದು ಅರ್ಧ ದಿನದಲ್ಲಿ ಕೈಗೆ, ಅಲ್ಲ ಕಾಲಿಗೆ ಬಂದ್ಬಿಡ್ತು. ಕೂತ ಜಾಗದಿಂದ ಮುಂದಿನ ಎರಡೂ ಚಕ್ರದ ಮೇಲಿನ ಉಬ್ಬು ಕಾಣುತ್ತೆ, ಇದು ಚಿಕ್ಕ ವಿಷ್ಯ ಅನ್ಸುತ್ತೆ ಆದ್ರೆ ಚಕ್ರ ರೋಡಿನ ಅಂಚಿಗೆ ಎಷ್ಟು ಹತ್ರ ಇದೆ ಅಂತ ನೋಡೇ ಹೇಳ್ಬಹುದು, ಮಸ್ಟಾಂಗ್‌ನಲ್ಲಿ ಅಂದಾಜು ಮಾಡ್ತಿದ್ದನ್ನ ಇಲ್ಲಿ ಕಣ್ಣಾರೆ ನೋಡ್ತೀವಿ.

ಒಂದೇ ಕೊರತೆ ಎತ್ತರ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಮೀಟರ್ ಮೇಲೆ ಹೋದಂಗೂ ಹತ್ತರಲ್ಲಿ ಒಂದು ಭಾಗದಷ್ಟು ಶಕ್ತಿ ಕಳ್ಕೊಳ್ಳುತ್ತೆ, ಗಾಳಿನೇ ತೆಳು ಆಗುತ್ತಲ್ಲ ಅದಕ್ಕೆ. ಎರಡನೇ ಸಲ ನಾನು ಹೋಗಿದ್ದು 2000 ಮೀಟರ್ ದಾಟೋ ರೋಡು, ಮೇಲೆ ಮೇಲೆ ಹೋದಂಗೆ ಮೂರನೇ ಗೇರಲ್ಲಿ ಎಳೀತಿದ್ದ ಏರನ್ನೆಲ್ಲ ಎರಡಕ್ಕೆ ಇಳಿಸಿ ಎಳೆಸ್ಬೇಕಾಯ್ತು. ನಂಗೆ ಅದೂ ಇಷ್ಟನೇ ಆಯ್ತು ಅನ್ನಿ, ಗೇರ್ ಹಾಕೋ ಕೆಲಸ ಜಾಸ್ತಿ ಸಿಕ್ಕಿತು, ಆದ್ರೆ ಇಬ್ಬರು ಕೂತು ಸಾಮಾನು ಹಾಕ್ಕೊಂಡು ಹೋಗೋರಿಗೆ ಎಂಜಿನ್ ಸುಸ್ತಾದಂಗೆ ಅನ್ಸಬಹುದು.

ಕೇಮನ್ ತಗೊಂಡು ಹೋಗಿದ್ದು ಸ್ಟೆಲ್ವಿಯೊ ಪಾಸಿಗೆ, ಇಟಲಿಯಲ್ಲಿ, 2757 ಮೀಟರ್ ಎತ್ತರ, ಪ್ರಾಡ್ ಅನ್ನೋ ಊರಿನ ಕಡೆಯಿಂದ ಹತ್ತಿದ್ರೆ 48 ಹೇರ್‌ಪಿನ್, ಪ್ರತಿ ತಿರುವಿಗೂ ನಂಬರ್ ಬರೆದಿರ್ತಾರೆ. ನಾಲ್ಕರಲ್ಲಿ ಎಂಜಿನಿಯರಿಂಗ್ ದೃಷ್ಟಿಯಿಂದ ಎಲ್ಲಕ್ಕಿಂತ ಮೇಲಿನ ಕಾರ್ ಇದೇ, ನಂಗೆ ಅನುಮಾನನೇ ಇಲ್ಲ. ಎಂಜಿನ್ ಸೀಟಿನ ಹಿಂದೆ, ಹಿಂದಿನ ಚಕ್ರಗಳ ಮುಂದೆ, ಅಂದ್ರೆ ಭಾರ ಎಲ್ಲ ಕಾರಿನ ಹೊಟ್ಟೆಯಲ್ಲಿ, ಅದಕ್ಕೆ ಸ್ಟೇರಿಂಗ್ ತಿರುಗಿಸಿದ್ರೆ ಇಡೀ ಕಾರು ಒಟ್ಟಿಗೆ ತಿರುಗುತ್ತೆ, ಮುಂದಿನ ಭಾಗ ಮೊದ್ಲು ಹೋಗಿ ಹಿಂದಿಂದು ಆಮೇಲೆ ಬರೋದು ಅನ್ನೋದೇ ಇಲ್ಲ. 2.0 ಲೀಟರ್ ಟರ್ಬೊ, 300 ಹಾರ್ಸ್‌ಪವರ್, 380 ನ್ಯೂಟನ್ ಮೀಟರ್, 2000 ಆರ್‌ಪಿಎಂ ಸುತ್ತಮುತ್ತಲಿಂದಲೇ ಎಳೀತದೆ, ಎತ್ತರ ಹೋದಂಗೆ ಟರ್ಬೊ ತೆಳು ಗಾಳಿನ ಒತ್ತಿ ತುಂಬೋದ್ರಿಂದ ಶಕ್ತಿ ಇಳಿದಿದ್ದು ಗೊತ್ತೇ ಆಗ್ಲಿಲ್ಲ. ಬ್ರೇಕ್ ಪೆಡಲ್ ಕಲ್ಲಿನಂಗೆ ಗಟ್ಟಿ, ಎಷ್ಟು ಒತ್ತಿದ್ರೆ ಅಷ್ಟು, ಕೆಳಗಿನ 48ನೇ ತಿರುವಲ್ಲಿ ಹೇಗಿತ್ತೋ ತುದಿಯ 1ನೇದರಲ್ಲೂ ಹಂಗೇ.

ಆದ್ರೆ ಮನಸಿನ ಮಾತು ಹೇಳ್ಬೇಕಂದ್ರೆ, ಆ ರೋಡಲ್ಲಿ ಕೇಮನ್‌ಗೆ ಕೆಲಸನೇ ಇರಲಿಲ್ಲ. ಹೇರ್‌ಪಿನ್ ನಡುವೆ ಇರೋ ನೇರ ದಾರಿ ಚಿಕ್ಕದು, ಸೈಕಲ್ ತುಳಿಯೋರು, ಬಸ್ಸು, ಬೈಕು ಎಲ್ಲ ಇರ್ತಾರೆ, ಮೂರನೇ ಗೇರ್ ಬೀಳೋಷ್ಟರಲ್ಲಿ ಮುಂದಿನ ತಿರುವು. ಕಾರಿನ ಗ್ರಿಪ್ಪು ಎಷ್ಟು ಮೇಲಿದೆ ಅಂದ್ರೆ ನಾನು ಅದರ ಅರ್ಧನೂ ಮುಟ್ಟಿಲ್ಲ ಅಂತ ನಂಗೇ ಗೊತ್ತಾಗ್ತಿತ್ತು, ಅದು ತಪ್ಪು ಅಲ್ಲ, ಅದು ಸುರಕ್ಷತೆ, ಆದ್ರೆ ಬೆಣ್ಣೆಯಿಂದ ಕೂದಲು ತೆಗೆದಂಗೆ ಎಲ್ಲ ಸಲೀಸಾಗಿ ಮುಗಿದುಹೋದ್ಮೇಲೆ ಮೇಲೆ ನಿಂತು ಕೆಳಗಿನ ಸುರುಳಿ ರೋಡು ನೋಡುವಾಗ, ನಾನೇನು ಓಡಿಸಿದೆ ಅನ್ನೋ ಪ್ರಶ್ನೆ ಬಂತು. ಮಾರನೇ ದಿನ ಕಣಿವೆ ಕಡೆ ಅಗಲವಾದ, ದೂರದವರೆಗೂ ಕಾಣೋ ತಿರುವುಗಳ ರೋಡ್ ಸಿಕ್ತು, ಅಲ್ಲಿ ಇದು ಅರಳಿತು. ಸ್ಟೇರಿಂಗಿನ ಆ ನಿಖರತೆ, ಅಳತೆ ಮಾಡಿ ಕತ್ತರಿಸಿದಂಗೆ ಹೋಗೋದು, ಅದನ್ನ ಮರೆಯೋಕಾಗಲ್ಲ. ಸೌಂಡ್ ಮಾತ್ರ ಎಲ್ಲರಿಗೂ ಹಿಡಿಸಲ್ಲ, ನಂಗಂತೂ ಆರು ಸಿಲಿಂಡರಿನ ಹಳೇ ಕೇಮನ್ ಸೌಂಡೇ ಇಷ್ಟ.

ಕೊನೇದು ಎ110, ಇದನ್ನ ಓಡಿಸಿದ್ಮೇಲೆ ನನ್ನ ಲೆಕ್ಕಾಚಾರ ಎಲ್ಲ ಮತ್ತೆ ಮೊದ್ಲಿಂದ ಮಾಡ್ಬೇಕಾಯ್ತು. ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ಹೈ ಆಲ್ಪೈನ್ ರೋಡು, 1935ರಲ್ಲಿ ತೆರೆದಿದ್ದು, 48 ಕಿ.ಮೀ., 36 ದೊಡ್ಡ ತಿರುವು, ಹೋಖ್‌ಟೋರ್ ಅನ್ನೋ ಜಾಗದ ಹತ್ರ 2504 ಮೀಟರ್ ಎತ್ತರ. ಕಾರಿನ ತೂಕ ಬರೀ 1100 ಕೆ.ಜಿ. ಆಸುಪಾಸು, ಬಾಡಿ ಎಲ್ಲ ಅಲ್ಯೂಮಿನಿಯಂ, ಒಂದೊಂದು ಸೀಟು 13.1 ಕೆ.ಜಿ. ಅಷ್ಟೇ, ಎಂಜಿನ್ 1.8 ಲೀಟರ್ ಟರ್ಬೊ 252 ಹಾರ್ಸ್‌ಪವರ್, ಇದರಲ್ಲೂ ಎಂಜಿನ್ ನಡುವೆನೇ. ಇಷ್ಟು ಓದಿದ್ರೆ ಗಟ್ಟಿ ಸ್ಪ್ರಿಂಗ್ ಹಾಕಿರೋ, ಸೊಂಟ ಮುರಿಯೋ ಕಾರು ಅನ್ಕೋತೀರಿ, ನಾನೂ ಹಂಗೇ ಅನ್ಕೊಂಡಿದ್ದೆ. ಆದ್ರೆ ಇದು ಮೆತ್ತಗಿದೆ! ತೂಕನೇ ಇಲ್ಲ ಅಂದ್ಮೇಲೆ ಅದನ್ನ ಹಿಡಿದು ನಿಲ್ಸೋಕೆ ಗಟ್ಟಿ ಸ್ಪ್ರಿಂಗ್ ಯಾಕೆ ಬೇಕು, ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್, ಅಂದ್ರೆ ಮೇಲೊಂದು ಕೆಳಗೊಂದು ತೋಳು ಹಿಡ್ಕೊಂಡಿರೋ ಸಸ್ಪೆನ್ಷನ್, ಇರೋದ್ರಿಂದ ಕಾರು ಸ್ವಲ್ಪ ವಾಲಿದ್ರೂ ಟಯರು ರೋಡಿನ ಮೇಲೆ ಸಪಾಟಾಗೇ ಕೂತಿರುತ್ತೆ. ತಿರುವಿಗೆ ಹೋಗ್ತಾ ಬ್ರೇಕ್ ಬಿಟ್ಟಂಗೆ ಕಾರು ಮೆಲ್ಲಗೆ ಒಂದು ಕಡೆ ಒರಗುತ್ತೆ, ಆ ಒರಗೋದ್ರಲ್ಲೇ ಎಷ್ಟು ಗ್ರಿಪ್ ಉಳಿದಿದೆ ಅನ್ನೋದು ಸೊಂಟಕ್ಕೆ ಗೊತ್ತಾಗುತ್ತೆ, ಒಡೆದ ರೋಡಲ್ಲಿ ಬೇರೆ ಕಾರು ಕುಪ್ಪಳಿಸೋ ಕಡೆ ಇದು ತೇಲಿಕೊಂಡು ಹೋಗುತ್ತೆ. ಇದನ್ನ ನಾನು ಎಷ್ಟು ವಿವರಿಸಿದ್ರೂ ಕಮ್ಮಿನೇ, 40 ಕಿ.ಮೀ. ವೇಗದಲ್ಲೂ ಒಂದು ತಿರುವು ತಗೊಂಡ್ರೆ ಏನೋ ನಡೀತು ಅನ್ಸುತ್ತೆ, ಕೇಮನ್‌ನಲ್ಲಿ ನಂಗೆ ಸಿಗದೇ ಹೋಗಿದ್ದು ಅದೇ.

ಇದು ಹಿಂಗಿರೋದಕ್ಕೆ ಒಂದು ಕಾರಣ ಹೆಸರಿನಲ್ಲೇ ಇದೆ. ಇದೇ ಹೆಸರಿನ ಹಳೇ ಎ110 ಬೆಟ್ಟದ ರ‍್ಯಾಲಿಗಳಲ್ಲೇ ಹೆಸರು ಮಾಡಿದ ಕಾರು, 1973ರಲ್ಲಿ ವರ್ಲ್ಡ್ ರ‍್ಯಾಲಿ ಚಾಂಪಿಯನ್‌ಶಿಪ್ ಶುರುವಾದ ಮೊದಲನೇ ವರ್ಷನೇ ತಯಾರಕರ ಪಟ್ಟ ಗೆದ್ದಿತ್ತು. ಮ್ಯಾನುಯಲ್ ಗೇರ್ ಇಲ್ಲ, ಏಳು ಗೇರಿನ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಒಂದೇ, ಅದೊಂದು ನಂಗೆ ನಿಜವಾಗ್ಲೂ ನೋವು ತರೋ ವಿಷ್ಯ. ಸಾಮಾನು ಜಾಗನೂ ಇಲ್ಲ ಅಂತಲೇ ಹೇಳ್ಬೇಕು, ಮುಂದೊಂದು ಹಿಂದೊಂದು ಚಿಕ್ಕ ಡಿಕ್ಕಿ, ಗಟ್ಟಿ ಸೂಟ್‌ಕೇಸ್ ಮರೆತುಬಿಡಿ, ಬಟ್ಟೆ ಚೀಲ ತಗೊಂಡು ಹೋಗಿ. ಜಿಆರ್86ನಲ್ಲಿ ಹಿಂದಿನ ಸೀಟ್ ಮಡಚಿದ್ರೆ ನಾಲ್ಕು ಟಯರೇ ಹಿಡಿಯುತ್ತೆ, ಆ ವಿಷ್ಯದಲ್ಲಿ ಅದನ್ನ ಯಾರೂ ಮುಟ್ಟಲ್ಲ.

ಎಲ್ಲರೂ ಹತ್ತೋ ಬಗ್ಗೆನೇ ಬರೀತಾರೆ, ಕಾರಿನ ನಿಜ ಗೊತ್ತಾಗೋದು ಇಳಿಯುವಾಗ. ಒಂದು ಲೆಕ್ಕ ನೋಡಿ, ಇಬ್ಬರು ಕೂತ ಮಸ್ಟಾಂಗ್ ಸುಮಾರು 1800 ಕೆ.ಜಿ. ಅಂತ ಇಟ್ಕೊಳ್ಳಿ, ಅದು 1000 ಮೀಟರ್ ಕೆಳಗೆ ಇಳಿದ್ರೆ ಹತ್ರಹತ್ರ 5 ಯೂನಿಟ್ ಕರೆಂಟಿನಷ್ಟು ಶಕ್ತಿನ ಎಲ್ಲಾದ್ರೂ ಖಾಲಿ ಮಾಡ್ಬೇಕು, ಅಂದ್ರೆ 1000 ವಾಟಿನ ಹೀಟರ್ ಐದು ಗಂಟೆ ಉರಿದಷ್ಟು ಬಿಸಿ, ಗೇರ್ ಇಳಿಸಿ ಎಂಜಿನ್ನಿಂದಲೇ ವೇಗ ಹಿಡಿಯದೇ ಇದ್ರೆ ಬಹುಪಾಲು ಬ್ರೇಕ್ ಡಿಸ್ಕಿಗೇ. ಎ110ಗೆ ಅದೇ ಮೂರೂವರೆ ಯೂನಿಟ್ಟು. ಹಗುರ ಕಾರು ಘಾಟಿಗೆ ಯಾಕೆ ಒಳ್ಳೇದು ಅನ್ನೋದಕ್ಕೆ ನಂಗೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಒಂದು ಸಲ ಈ ನಾಲ್ಕರಲ್ಲಿ ಯಾವುದೂ ಅಲ್ಲದ ಬೇರೆ ಒಂದು ಬಾಡಿಗೆ ಕೂಪೆಯಲ್ಲಿ ಇಳೀತಿದ್ದಾಗ, ಅರ್ಧ ದಾರಿಗೆ ಬ್ರೇಕ್ ಪೆಡಲ್ ಸ್ಪಂಜಿನಂಗೆ ಆಗೋಯ್ತು, ಒತ್ತಿದ್ರೆ ಕೆಳಗೆ ಹೋಗ್ತಾನೇ ಇದೆ, ಎದೆ ಝಲ್ ಅಂತು. ಎರಡನೇ ಗೇರಿಗೆ ಹಾಕಿ, ಪೆಡಲ್ ಎರಡು ಮೂರು ಸಲ ತುಳಿದು, ಅಗಲ ಇದ್ದ ಕಡೆ ನಿಲ್ಲಿಸಿ ಮುಕ್ಕಾಲು ಗಂಟೆ ತಣ್ಣಗಾಗೋಕೆ ಬಿಟ್ಟೆ. ಕಾರಣ ಬ್ರೇಕ್ ಆಯಿಲ್ ಹಳೇದಾಗಿತ್ತು. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿವರೆಗೂ ಕುದಿಯಬಾರದು ಅನ್ನೋದು ನಿಯಮ, ಆದ್ರೆ ಅದು ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ, ನೀರು ಸೇರಿದ್ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ, ಕುದ್ದು ಆವಿ ಆದ್ರೆ ಪೆಡಲ್ ಒತ್ತೋದು ಬರೀ ಆವಿನ. ಅವತ್ತಿಂದ ನಾನು ಬಾಡಿಗೆ ಕಾರ್ ತಗೊಳೋವಾಗ ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಕೇಳೇ ಕೇಳ್ತೀನಿ, ಉತ್ತರ ಸರಿ ಬರ್ಲಿಲ್ಲ ಅಂದ್ರೆ ಬೇರೆ ಕಾರ್ ಕೊಡಿ ಅಂತೀನಿ.

ಟಯರ್ ಕೂಡ ನೋಡ್ಲೇಬೇಕು. ಟಯರಿನ ಪಕ್ಕದಲ್ಲಿ ಇಂಗ್ಲಿಷಲ್ಲಿ DOT ಅಂತ ಬರೆದಿರೋ ಸಾಲಿನ ಕೊನೇ ನಾಲ್ಕು ಅಂಕಿ ವಾರ ಮತ್ತೆ ವರ್ಷ, 2321 ಅಂತಿದ್ರೆ 2021ರ 23ನೇ ವಾರದ್ದು. ನಾಲ್ಕೂ ಟಯರ್ ನೋಡಿ, ಬಾಡಿಗೆ ಕಾರುಗಳಲ್ಲಿ ಎಡಕ್ಕೊಂದು ಬ್ರಾಂಡು ಬಲಕ್ಕೊಂದು ಬ್ರಾಂಡು ಇರೋದನ್ನ ನಾನೇ ನೋಡಿದೀನಿ, ಅಂಥ ಕಾರು ಎಡ ತಿರುವಲ್ಲಿ ಒಂಥರಾ ಬಲ ತಿರುವಲ್ಲಿ ಇನ್ನೊಂಥರಾ ಆಡುತ್ತೆ, ಆಮೇಲೆ ಕಾರೇ ಚೆನ್ನಾಗಿಲ್ಲ ಅಂತ ರಿವ್ಯೂ ಬರೆದ್ರೆ ಕಾರಿಗೆ ಅನ್ಯಾಯ. ಒಪ್ಪಂದದಲ್ಲಿ ಟಯರು, ಚಕ್ರದ ರಿಮ್ಮು, ಕಾರಿನ ತಳಭಾಗ ಇನ್ಶೂರೆನ್ಸಿಗೆ ಬರುತ್ತಾ ಅನ್ನೋದನ್ನೂ ಓದಿ, ತುಂಬಾ ಕಡೆ ಬರಲ್ಲ, ಘಾಟಿಯಲ್ಲಿ ಮೊದ್ಲು ಪೆಟ್ಟು ತಿನ್ನೋದೇ ಅವು.

ಪಕ್ಕದಲ್ಲಿ ಕೂತೋರ ಬಗ್ಗೆನೂ ಹೇಳ್ಬೇಕು. ನನ್ನ ಹೆಂಡತಿಗೆ ಘಾಟಿಯಲ್ಲಿ ಹೊಟ್ಟೆ ತೊಳೆಸುತ್ತೆ, ಮಸ್ಟಾಂಗ್‌ನಲ್ಲಿ ಮೂರು ಸಲ ನಿಲ್ಲಿಸಿದ್ವಿ, ಜಿಆರ್86ನಲ್ಲಿ ಒಂದು ಸಲ. ಎ110ನಲ್ಲಿ ಒಂದು ಸಲನೂ ಇಲ್ಲ, ಅದು ವಾಲೋದು ನಿಧಾನ, ಜರ್ಕ್ ಇಲ್ಲ, ಹೇರ್‌ಪಿನ್ ಮುಗಿಯೋವರೆಗೂ ಒಂದೇ ಹದ. ಅವಳೇ ಕೊನೇಗೆ ಇನ್ನೊಂದು ಸಲ ಮೇಲೆ ಹೋಗಿ ಬರೋಣ್ವಾ ಅಂದ್ಳು, ಆ ಮಾತು ನಾನು ಬೇರೆ ಯಾವ ಕಾರಲ್ಲೂ ಕೇಳಿಲ್ಲ.

ಹಾಗಾಗಿ ನನ್ನ ಆಯ್ಕೆ, ಇಬ್ಬರೇ ಹೋಗೋದು, ಎತ್ತರದ ಕಿರಿದಾದ ರೋಡು ಅಂದ್ರೆ ಎ110, ಕಣ್ಣು ಮುಚ್ಕೊಂಡು. ಸ್ವಂತ ಕೈಯಲ್ಲಿ ಗೇರ್ ಹಾಕ್ಬೇಕು, ಕಲೀಬೇಕು ಅನ್ನೋರಿಗೆ ಜಿಆರ್86, ಅದೂ ಸಾಧ್ಯ ಆದ್ರೆ 17 ಇಂಚಿನ ಚಕ್ರದ್ದು, ಮಳೆ ಇಲ್ಲದ ಕಾಲದಲ್ಲಿ. ಅಗಲ ರೋಡು, ದೂರದ ಪ್ರಯಾಣ, ಮಧ್ಯೆ ಮಧ್ಯೆ ಬೆಟ್ಟ ಅಂದ್ರೆ ಕೇಮನ್. ಮಸ್ಟಾಂಗ್ ನಂಗೆ ಇವತ್ತಿಗೂ ಪ್ರೀತಿನೇ, ಆದ್ರೆ ಅದನ್ನ ಹೇರ್‌ಪಿನ್ ಕಮ್ಮಿ ಇರೋ ಬೆಟ್ಟಕ್ಕೆ ಮಾತ್ರ ಕರ್ಕೊಂಡು ಹೋಗ್ತೀನಿ. ಬುಕ್ ಮಾಡೋವಾಗ ಒಂದು ಎಚ್ಚರ, ತುಂಬಾ ಕಡೆ ಈ ಮಾಡೆಲ್ ಅಥವಾ ಇದೇ ಥರದ್ದು ಅಂತ ಬರೆದಿರ್ತಾರೆ, ಅಂದ್ರೆ ನಿಮಗೆ ಫೋಟೋದಲ್ಲಿರೋ ಕಾರೇ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಹಿಂದಿನ ದಿನ ಫೋನ್ ಮಾಡಿ ಯಾವ ಮಾಡೆಲ್, ಯಾವ ಗೇರ್‌ಬಾಕ್ಸ್, ಯಾವ ಟಯರ್ ಅಂತ ಮೂರೂ ಕೇಳ್ಕೊಳ್ಳಿ, ಬೆಳಿಗ್ಗೆ ಬೇಗ ಹೋಗಿ, ಹಗಲು ಬೆಳಕಲ್ಲಿ ಕಾರಿನ ಸುತ್ತ ವಿಡಿಯೋ ಮಾಡ್ಕೊಂಡೇ ಕೀ ತಗೊಳ್ಳಿ.